ಬಸಲಿಂಗನ ಅಗಲ ಲೆನ್ಸು

ಯಾದಗಿರಿಯ ಬಸಲಿಂಗನಿಗೆ ಫೋಟೋ ತೆಗೆಯುವುದೆಂದರೆ ಹಿಂದಕ್ಕೆ ನಡೆಯುವುದು. ಕ್ಯಾಮೆರಾ ಕಣ್ಣಿಗಿಟ್ಟನೆಂದರೆ ಸಾಕು, ಕಾಲು ತಾವಾಗಿಯೇ ಹಿಂದೆ ಹಿಂದೆ ಹೋಗುತ್ತವೆ. ಬೀದರಿನಲ್ಲಿ ಹೀಗೆ ಸರಿಯುತ್ತ ಹೋಗಿ ಎಮ್ಮೆ ಹೊರಳಾಡುವ ಕೆಸರಿಗೆ ಬಿದ್ದ. ಹಂಪಿಯಲ್ಲಿ ಶೇಂಗಾ ಮಾರುವ ಮುದುಕಿಯ ಬುಟ್ಟಿಯ ಮೇಲೆಯೇ ಕೂತುಬಿಟ್ಟ. ಆಕೆ ಬೈದ ಬೈಗುಳವನ್ನು ಅವನ ಹೆಂಡತಿ ಮೌನೇಶ್ವರಿ ಇಂದಿಗೂ ಬಾಯಿಪಾಠ ಒಪ್ಪಿಸುತ್ತಾಳೆ. ಬಾದಾಮಿಯಲ್ಲಿ ಹೊಂಡದ ಅಂಚಿಗೆ ಬಂದವನನ್ನು ಯಾರೋ ಪುಣ್ಯಾತ್ಮರು ಅಂಗಿ ಹಿಡಿದು ಎಳೆದರು, ಹಾಗಾಗಿ ನಮಗೆ ಉಳಿದಿದ್ದಾನೆ.

ಮನುಷ್ಯ ಒಳ್ಳೆಯವನು. ವಡಗೇರಾದ ಒಂದು ಕಚೇರಿಯಲ್ಲಿ ಗುಮಾಸ್ತ. ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಇರುವ ಹುಚ್ಚು ಒಂದೇ: ವರ್ಷಕ್ಕೊಮ್ಮೆ ರಜೆ ಹಾಕಿ, ಹೆಂಡತಿಯನ್ನು ಕರೆದುಕೊಂಡು ಊರು ನೋಡಲು ಹೋಗುವುದು, ಅಲ್ಲಿಯ ಗುಡಿಯನ್ನೋ ಗುಮ್ಮಟವನ್ನೋ ಬುಡದಿಂದ ತುದಿಯವರೆಗೆ ಒಂದೇ ಚಿತ್ರದಲ್ಲಿ ಹಿಡಿಯುವುದು. ಮೌನೇಶ್ವರಿಯನ್ನು ಗೋಡೆಯ ಬುಡದಲ್ಲಿ ನಿಲ್ಲಿಸುತ್ತಾನೆ, ತಾನು ಹಿಂದಕ್ಕೆ ಹೊರಡುತ್ತಾನೆ. ಕಳಸ ಕತ್ತರಿಸಿ ಹೋದರೆ ಅವತ್ತು ಅವನಿಗೆ ಊಟ ಸೇರುವುದಿಲ್ಲ.

ಈ ವರ್ಷ ಪಂಚಮಿಗೆ ಮಗಳು ಸುಮಲತಾ ಶಹಾಪುರದಿಂದ ತವರಿಗೆ ಬಂದಳು. ಹೊಸ ಮನೆ ಕಟ್ಟಿಸಿದ್ದಳು. ಪಡಸಾಲೆಯ ಗೋಡೆಗೆ ಅವ್ವನ ಒಂದು ಚಂದದ ಫೋಟೋ ಹಾಕಬೇಕೆಂದು ಅಪ್ಪನ ಆಲ್ಬಮ್ಮುಗಳನ್ನೆಲ್ಲ ಹರವಿಕೊಂಡು ಕೂತಳು.

“ಅಪ್ಪಾ, ಈ ಗೋಲಗುಮ್ಮಟದಾಗ ಅವ್ವ ಎಲ್ಲಿ ಅದಾಳ?”

ಬಸಲಿಂಗ ಬೆರಳಿಟ್ಟು ತೋರಿಸಿದ. “ಇಲ್ಲಿ ನೋಡು, ಈ ಹಸರ ಚುಕ್ಕಿ.”

“ಬೀದರದಾಗ?”

“ಈ ಕೆಂಪ ಚುಕ್ಕಿ.”

ಮಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಮೌನೇಶ್ವರಿಯೂ ನಕ್ಕಳು, ಮೊದಮೊದಲು. ಒಂದಾದ ಮೇಲೊಂದು ಆಲ್ಬಮ್ ಮುಗಿದರೂ ಮುಖ ಕಾಣುವ ಒಂದೂ ಚಿತ್ರ ಸಿಗದಾದಾಗ ಅವಳ ನಗು ಸಣ್ಣದಾಯಿತು. ಕೊನೆಗೆ ಸುಮಲತಾ, ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸುತ್ತೇನೆ ಅಂದಳು. ಆ ಫೋಟೋ ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ನಿಮ್ಮದನ್ನು ತೆಗೆದು ನೋಡಿಕೊಳ್ಳಿ.

ಮರುದಿನ ರೊಟ್ಟಿ ಬಡಿಯುತ್ತ ಮೌನೇಶ್ವರಿ ತಲೆ ಎತ್ತದೆ ಅಂದಳು, “ದೀಪಾವಳಿ ಸೂಟಿಗಿ ಅಜಂತಾಕ್ಕ ನೀವೊಬ್ರ ಹೋಗಿ ಬರ್ರಿ. ನಾ ಬರಂಗಿಲ್ಲ.”

“ಯಾಕ? ಮೈಯಾಗ ಅರಾಮಿಲ್ಲೇನು?”

“ಅರಾಮ ಅದೀನಿ. ಚುಕ್ಕಿ ಆಗಾಕ ಅಷ್ಟ ದೂರ ಯಾಕ ಬರ್ಬೇಕ್ರಿ? ಮನ್ಯಾಗ ಆದ್ರ ಮನಷ್ಯಾರಂಗ ಇರ್ತೀನಿ.”

ಪ್ರವಾಸವೆಂದರೆ ಬಸಲಿಂಗನಿಗೆ ಗುಮ್ಮಟ ಎಷ್ಟೋ ಅವಳೂ ಅಷ್ಟೇ. ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಹಿಡಿಯುವವಳು ಅವಳು. ಕೆಂಭಾವಿಯ ಸಂತೆ ನೋಡಿ ಬೆಳೆದವಳಾದ್ದರಿಂದ ಲಾಡ್ಜಿನವನ ಹತ್ತಿರ ಚೌಕಾಶಿ ಮಾಡುವವಳೂ ಅವಳೇ. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯನ್ನು ಕೋಟೆಯ ನೆರಳಲ್ಲಿ ಕೂತು ತಿನ್ನುವಾಗ, ಈ ಕಲ್ಲು ಹೊತ್ತವರ ಬೆನ್ನು ಏನಾಗಿರಬೇಡ ಎಂದು ಕೇಳುವವಳು ಅವಳು. ಅವಳಿಲ್ಲದ ಅಜಂತಾ ಅವನಿಗೆ ಬೇಕಿರಲಿಲ್ಲ. ಇದನ್ನು ನೇರವಾಗಿ ಅವಳಿಗೇ ಹೇಳಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪನ್ನು ಸಾಮಾನಿನ ಮೇಲೆ ಹಾಕುವುದು ಗಂಡಸರ ಹಳೆಯ ಚಾಳಿ. ತನ್ನ ಲೆನ್ಸೇ ಸರಿಯಿಲ್ಲ ಎಂದುಕೊಂಡು ಸ್ಟೇಷನ್ ರಸ್ತೆಯ ಮೈನುದ್ದೀನನ ಸ್ಟುಡಿಯೋಕ್ಕೆ ಹೋದ.

ಮೈನುದ್ದೀನ ಗಾಜಿನ ಪೆಟ್ಟಿಗೆಯಿಂದ ಎರಡು ಲೆನ್ಸು ತೆಗೆದು ಮೇಜಿನ ಮೇಲಿಟ್ಟ. “ಇದು ಉದ್ದಂದು ನೋಡ್ರಿ ಬಸಲಿಂಗಣ್ಣ, ಜೂಮ್. ದೂರಿದ್ದಿದ್ದು ಹತ್ರ ತರ್ತದ. ಇದು ಗಿಡ್ಡಂದು, ವೈಡ್. ಹತ್ರ ನಿಂತ್ರೂ ಇಡೀ ಮಕಾನ ಹಿಡೀತದ.”

“ಯಾವ್ದು ಚಲೋ?”

“ಮಾರಾವನಿಗಿ ಎರಡೂ ಚಲೋನ. ಐತ್ವಾರ ಎರಡೂ ಒಯ್ದು ತಗದ ನೋಡ್ರಿ. ಬ್ಯಾಡಾದ್ದು ವಾಪಸ್ ತಂದ ಕೊಡ್ರಿ.”

ಬಸಲಿಂಗನ ಮನಸ್ಸು ಆಗಲೇ ಉದ್ದನೆಯದರ ಕಡೆ ವಾಲಿತ್ತು. ಎಷ್ಟು ದೂರ ಬೇಕಾದರೂ ನಿಲ್ಲಬಹುದು, ಹೆಂಡತಿಯ ಮುಖವೂ ಬರುತ್ತದೆ. ಅವನಿಗೆ ದೂರ ಬೇಕಿತ್ತು. ಗುಮ್ಮಟಕ್ಕಾಗಿ ಅಲ್ಲ, ಅದು ಅವನಿಗೂ ಒಳಗೊಳಗೇ ಗೊತ್ತಿತ್ತು.

ಮನೆಯೊಳಗೆ ಈ ಮನುಷ್ಯ ಬೇರೆಯೇ. ಹೆಂಡತಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾನೆ, ಕಚೇರಿಯ ಸುದ್ದಿಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಾನೆ. ಹೊಸ್ತಿಲು ದಾಟಿದರೆ ಮುಗಿಯಿತು, ಅವಳ ಗುರುತೇ ಇಲ್ಲದವನಂತೆ ಹತ್ತು ಮಾರು ಮುಂದೆ ನಡೆಯುತ್ತಾನೆ. ಅವನ ಅಪ್ಪ ಹುಟ್ಟೂರು ಮುದನಾಳದಲ್ಲಿ ಹೀಗೇ ನಡೆಯುತ್ತಿದ್ದ, ಅಜ್ಜನೂ ಹೀಗೇ. ಗಂಡ ಹೆಂಡತಿ ನಾಲ್ಕು ಜನರೆದುರು ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲುವುದು, ಮುಖ ನೋಡುತ್ತ ಮಾತಾಡುವುದು ಅವರ ಮನೆತನದಲ್ಲಿ ಇಲ್ಲ. ಹೆಸರು ಹಿಡಿದು ಕೂಗುವುದೂ ಇಲ್ಲ. ಹೀಗಿರುವಾಗ ಕ್ಯಾಮೆರಾ ಹಿಡಿದ ಕೂಡಲೇ ಕಾಲು ಹಿಂದಕ್ಕೆ ಹೋಗದೆ ಮತ್ತೆಲ್ಲಿಗೆ ಹೋಗಬೇಕು?

ಭಾನುವಾರ ಬೆಳಿಗ್ಗೆ ಅವಳೆದುರು ನಿಂತು ತಲೆ ಕೆರೆದುಕೊಂಡ. “ಸುಮಲತಾನ ಅವ್ವಾ, ಜರಾ ಕೋಟಿಗಿ ಬಾ. ಲೆನ್ಸ್ ನೋಡ್ಬೇಕು. ಯಾರರ ನಿಂತ್ರ ಗೊತ್ತಾಗ್ತದ.”

“ಒಂದ ಕಲ್ಲ ನಿಲ್ಲಸ್ರಿ.”

ಹಾಗಂದರೂ ಸೀರೆ ಬದಲಿಸಿಕೊಂಡು ಬಂದಳು. ಮುಂದೆ ಅವನು, ಹಿಂದೆ ಅವಳು, ಯಾದಗಿರಿ ಕೋಟೆಯ ಮೆಟ್ಟಿಲು ಹತ್ತಿದರು. ದೊಡ್ಡ ಬಾಗಿಲಿನ ಬುಡದಲ್ಲಿ ಅವಳನ್ನು ನಿಲ್ಲಿಸಿ, ಬಸಲಿಂಗ ಉದ್ದನೆಯ ಲೆನ್ಸು ಹಾಕಿಕೊಂಡು ಹಿಂದೆ ಸರಿದ, ಮತ್ತೂ ಸರಿದ, ಕೊನೆಗೆ ಕ್ಲಿಕ್ ಮಾಡಿ ಓಡಿ ಬಂದು ತೋರಿಸಿದ. ಮುಖ ತುಂಬಿಕೊಂಡಿತ್ತು. ಹಿಂದೆ ಒಂದು ಕಲ್ಲು.

“ಮಾರಿ ಬಂದದ. ಕೋಟಿ ಎಲ್ಲಿ ಹೋತ್ರಿ?” ಅಂದಳು ಮೌನೇಶ್ವರಿ. “ಇದನ್ನ ನಮ್ಮ ಹಿತ್ತಲ ಗ್ವಾಡಿಗಿ ನಿಂತ್ರೂ ತಗೀಬಹುದಿತ್ತು.”

ಗಿಡ್ಡ ಲೆನ್ಸು ಹಾಕಿದ. ಮತ್ತೆ ಅಷ್ಟೇ ದೂರ ಹೋಗಿ ತೆಗೆದು, ತಂದು ತೋರಿಸಿದ. ಈ ಸಲ ಬಾಗಿಲು, ಬುರುಜು, ಬೆಟ್ಟ, ಆಕಾಶ ಎಲ್ಲವೂ ಬಂದಿದ್ದವು. ಮೌನೇಶ್ವರಿ ಕ್ಯಾಮೆರಾದ ಪರದೆಯನ್ನು ಕಣ್ಣಿನ ಹತ್ತಿರ ತಂದುಕೊಂಡಳು, ದೂರ ಹಿಡಿದಳು, ಸೆರಗಿನಿಂದ ಒರೆಸಿಯೂ ನೋಡಿದಳು.

“ಈಗ ಚುಕ್ಕಿನೂ ಹೋತು,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಬಸಲಿಂಗನಿಗೆ ಚುಚ್ಚಿತು. “ಲೆನ್ಸ್ ಕೊಟ್ಟಾಂವ ಏನ ಹೇಳ್ಯಾನ್ರಿ?”

“ಹತ್ರ ನಿಂತ್ರೂ ಎಲ್ಲಾ ಹಿಡೀತದ ಅಂದಾನ.”

“ಹಂಗಾರ ಹತ್ರ ನಿಂದರ್ರಿ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅವನ ಕಚೇರಿಯ ಜವಾನ ರಾಜಾಸಾಬ ಹೆಂಡತಿ ಮಕ್ಕಳೊಂದಿಗೆ ಕಾಣಿಸಿಕೊಂಡ. “ನಮಸ್ಕಾರ್ರಿ ಸಾಹೇಬ್ರ” ಅಂದು, ಸಾಹೇಬರು ಏನು ಮಾಡುತ್ತಾರೆ ನೋಡೋಣವೆಂದು ಅಲ್ಲೇ ಬಂಡೆಯ ಮೇಲೆ ಸಂಸಾರ ಸಮೇತ ಕೂತ. ಬಸಲಿಂಗನ ಕಿವಿ ಬಿಸಿಯಾಯಿತು. ಕಾಲು ಹಿಂದಕ್ಕೆ ಸರಿಯಿತು.

ಈ ಸಲ ಮೌನೇಶ್ವರಿ ಬಾಗಿಲ ಬುಡದಲ್ಲೇ ನಿಲ್ಲಲಿಲ್ಲ. ಅವನ ಕಡೆಗೇ ಒಂದು ಹೆಜ್ಜೆ ಇಟ್ಟಳು. ಅವನು ಒಂದು ಹೆಜ್ಜೆ ಹಿಂದೆ ಹೋದ. ಅವಳು ಇನ್ನೊಂದು ಇಟ್ಟಳು, ಅವನು ಇನ್ನೊಂದು ಹಿಂದೆ. ಹೀಗೆ ಬರುತ್ತ ಬರುತ್ತ ಅವನ ಬೆನ್ನು ಎದುರು ಬದಿಯ ಗೋಡೆಗೆ ಬಡಿಯಿತು. ಸರಿಯಲು ಇನ್ನು ಜಾಗವಿರಲಿಲ್ಲ. ಕೈ ಚಾಚಿದರೆ ಸಿಗುವಷ್ಟರಲ್ಲಿ ಅವಳು ನಿಂತಳು.

“ಈಗ ತಗೀರಿ.”

ಬೇರೆ ದಾರಿ ಕಾಣದೆ ಬಸಲಿಂಗ ಕ್ಯಾಮೆರಾ ಕಣ್ಣಿಗಿಟ್ಟ. ಅವಳ ಹಿಂದೆ ಇಡೀ ಬಾಗಿಲು ಕಮಾನಿನ ತುದಿಯವರೆಗೆ ನಿಂತಿತ್ತು, ಬುರುಜೂ ಇತ್ತು, ಒಂದು ಕಲ್ಲೂ ಕತ್ತರಿಸಿರಲಿಲ್ಲ. ಅದೆಲ್ಲದರ ಮುಂದೆ, ಅದೆಲ್ಲಕ್ಕಿಂತ ದೊಡ್ಡದಾಗಿ, ಅವಳ ಮುಖ. ಮೆಟ್ಟಿಲು ಹತ್ತಿ ಬಂದ ಬೆವರು ಮೇಲ್ದುಟಿಯ ಮೇಲೆ ಹಾಗೇ ಇತ್ತು. ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತೋ ಅವನಿಗೆ ತಿಳಿದೇ ಇರಲಿಲ್ಲ. ಮನೆಯಲ್ಲಿ ದಿನಾ ನೋಡುವ ಮುಖವೇ. ಆದರೆ ಹೀಗೆ ಬಿಸಿಲಲ್ಲಿ, ಬಯಲಲ್ಲಿ, ನಾಲ್ಕು ಜನರೆದುರು ಅವನು ಅದನ್ನು ಯಾವತ್ತೂ ನೋಡಿರಲಿಲ್ಲ. ಚಂದ ಅದಾಳ, ಎಂದುಕೊಂಡ. ಇವಳನ್ನು ಇಷ್ಟು ವರ್ಷ ದೂರ ನಿಲ್ಲಿಸಿ ಕಲ್ಲಿನ ಫೋಟೋ ತೆಗೆದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

“ಬಂತೇನ್ರಿ?” ಬಹಳ ಹೊತ್ತಿನ ಮೇಲೆ ಮೌನೇಶ್ವರಿ ಕೇಳಿದಳು.

“ಇಲ್ಲ.”

“ಯಾಕ? ಈ ಲೆನ್ಸೂ ಬರೋಬರಿ ಇಲ್ಲೇನು?”

“ಲೆನ್ಸ್ ಬರೋಬರಿ ಅದ. ನಾನ ಒತ್ತೋದ ಮರ್ತೆ.” ರಾಜಾಸಾಬನ ಸಂಸಾರ ಕಿವಿಗೊಟ್ಟು ಕೂತಿದೆ ಎಂದು ಗೊತ್ತಿದ್ದೂ ಬಸಲಿಂಗ ದನಿ ತಗ್ಗಿಸಲಿಲ್ಲ. “ನಿನ್ನ ಮಾರಿ ನೋಡಕೋತ ನಿಂತೆ, ಮೌನೇಶ್ವರಿ.”

ಅವಳು ಸೆರಗನ್ನು ಬಾಯಿಗೆ ಒಯ್ದಳು, ಫೋಟೋದಲ್ಲಿ ಮುಖ ಕಾಣಬೇಕೆಂದು ನೆನೆದು ತಕ್ಷಣ ಕೆಳಗೆ ಬಿಟ್ಟಳು. ಕಣ್ಣಲ್ಲಿ ನೀರಾಡಿತು. ಆದರೂ ಮುಖವನ್ನು ಅತ್ತಿತ್ತ ಹೊರಳಿಸದೆ ಹಾಗೇ ಇಟ್ಟುಕೊಂಡಳು.

“ಲಗು ಒತ್ರಿ ಈಗ,” ಅಂದಳು. “ಅಜಂತಾದಾಗೂ ಹಿಂಗ ನೋಡಕೋತ ನಿಂತ್ರ ನಮ್ಮನ್ನ ಬಿಟ್ಟ ಬಸ್ ಹೋಗಿಬಿಡ್ತದ.”