ಡೂಕುವಿನ ಐದನೇ ಉಗುರು

ಬೆಳಗಿನ ಐದೂವರೆ. ಚಿನ್ನದ ಗಣಿಯ ಎಂಜಿನಿಯರರ ಬಂಗಲೆಯ ಹಿತ್ತಲಲ್ಲಿ ಗಂಗರತ್ನಮ್ಮ ಗೋಣಿಚೀಲ ಹಾಸಿಕೊಂಡು, ನಾಯಿಯ ಕಡೆ ನೇರ ಮುಖ ಮಾಡದೆ, ಪಕ್ಕಕ್ಕೆ ತಿರುಗಿ ಕೂತಿದ್ದಾರೆ. ಮಗ್ಗುಲಲ್ಲಿ ಕರುವಿನಷ್ಟು ದೊಡ್ಡ ಕಂದು ನಾಯಿ ಮಲಗಿದೆ. ಬಂಗಲೆಯವರು ಇಟ್ಟ ಹೆಸರು ಡ್ಯೂಕ್. ಕಾವಲುಗಾರ ಜಯರಾಮಪ್ಪನ ಬಾಯಲ್ಲಿ ಅದು ಡೂಕು. ಗಂಗರತ್ನಮ್ಮನ ಎಡಗೈ ನಾಯಿಯ ಭುಜದಿಂದ ಇಂಚಿಂಚೇ ಕೆಳಗಿಳಿಯುತ್ತಿದೆ. ಮೊಣಕಾಲು ದಾಟಿದೊಡನೆ ಡೂಕುವಿನ ಗಂಟಲಲ್ಲಿ ಗುರ್ ಎಂಬ ಸದ್ದು ಹುಟ್ಟುತ್ತದೆ. ಕೈ ಅಲ್ಲೇ ನಿಲ್ಲುತ್ತದೆ. ಸದ್ದು ಅಡಗಿದ ಮೇಲೆ ಇನ್ನೊಂದಿಂಚು.

“ನಂಗೂ ಎದೆ ಒಡ್ಕೊಂತೈತೆ, ಅದ್ಕೂ ಒಡ್ಕೊಂತೈತೆ. ಇಬ್ರಲ್ಲಿ ಯಾರು ಮೊದ್ಲು ಎದ್ದೋಡ್ತೀವೋ ನೋಡ್ಬೇಕು,” ಎಂದು ಅವರು ತುಟಿ ಅಲ್ಲಾಡಿಸದೆ ಹೇಳುತ್ತಾರೆ.

ನಾಯಿಯ ಉಗುರು ಕತ್ತರಿಸುವುದೂ ಒಂದು ಕಸುಬೇ ಎಂದು ಬಂಗಾರಪೇಟೆಯ ರೈಲಿನಲ್ಲಿ ಯಾರಾದರೂ ನಕ್ಕಾರು. ನಗಲಿ. ಕಲ್ಲುಮಣ್ಣಿನಲ್ಲಿ ಅಲೆಯುವ ಬೀದಿನಾಯಿಯ ಉಗುರು ತಾನಾಗಿ ಸವೆಯುತ್ತದೆ. ಜಮಖಾನೆಯ ಮೇಲೆ ಮಲಗುವ ಬಂಗಲೆಯ ನಾಯಿಗೆ ಆ ಭಾಗ್ಯವಿಲ್ಲ. ಒಂದು ನಾಯಿಗೆ ಹದಿನೆಂಟು ಉಗುರು. ಬೆಳಿಗ್ಗೆ ಎರಡು ಬಂಗಲೆ, ಸಂಜೆ ಒಂದು, ವಾರಕ್ಕೆ ಹೆಚ್ಚುಕಡಿಮೆ ಇಪ್ಪತ್ತು ನಾಯಿ. ಗಂಗರತ್ನಮ್ಮ ಆಂಡರ್ಸನ್‌ಪೇಟೆಯ ಮನೆಯಿಂದ ನಡೆದೇ ಬರುತ್ತಾರೆ, ನಡೆದೇ ಹೋಗುತ್ತಾರೆ. ಸೆರಗಿನ ಗಂಟಿನಲ್ಲಿ ಒಂದು ಇಕ್ಕಳ, ಒಂದು ಅರ, ಚಿಟಿಕೆ ಅರಿಸಿನ.

ಇಕ್ಕಳ ಗಂಡ ಕೋದಂಡಪ್ಪನದು. ಬಂಗಾರಪೇಟೆಯ ಸಂತೆಯಲ್ಲಿ ಆತ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ಎತ್ತಿನ ಕಾಲುಗಳಿಗೆ ಹಗ್ಗ ಸುತ್ತಿ ಒಂದೇ ಎಳೆತಕ್ಕೆ ಕೆಡವುವುದು ಅವನ ಕೆಲಸ, ಕೊಂಬು ಅಮುಕಿ ಹಿಡಿಯುವುದು ಹೆಂಡತಿಯ ಕೆಲಸ. ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಒಂದು ಎತ್ತು ಹಗ್ಗ ಬಿಚ್ಚಿಕೊಂಡು ಎದೆಗೆ ಒದ್ದಿತು. ಮೂರನೇ ದಿನ ಕೋದಂಡಪ್ಪ ಇಲ್ಲವಾದ. ಒಬ್ಬಂಟಿ ಹೆಂಗಸು ಎತ್ತು ಕೆಡವಲಾರಳು. ಬಂಗಲೆಯೊಂದರ ಅಡಿಗೆಯವಳು ಕರೆದಳೆಂದು ನಾಯಿಗಳ ಕಡೆ ಬಂದರು. ಅಂದಿನಿಂದ ಆರು ವರ್ಷ, ಹೆದರದೆ ಕೆಲಸಕ್ಕೆ ಹೊರಟ ದಿನ ಒಂದೂ ಇಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಡೂಕುವಿನ ವಿಷಯದಲ್ಲಿ ಹೆದರಿಕೆಯ ಜೊತೆಗೆ ಪಾಪಪ್ರಜ್ಞೆಯೂ ಇದೆ. ಕಳೆದ ಕಾರ್ತಿಕದಲ್ಲಿ ಮೊದಲ ಸಲ ಇಲ್ಲಿಗೆ ಬಂದಾಗ ನಾಯಿಯ ಗಾತ್ರ ನೋಡಿ ದಿಗಿಲಾಯಿತು. ದಿಗಿಲಾದಾಗ ಕೈ ತನಗೆ ಗೊತ್ತಿದ್ದನ್ನೇ ಮಾಡುತ್ತದೆ. ಎತ್ತಿಗೆ ಹಾಕುವ ಹಾಗೆ ಹಗ್ಗ ಸುತ್ತಿದರು, ಎಳೆದು ಕೆಡವಿದರು, ಗೊರಸು ಕತ್ತರಿಸುವ ಅಂದಾಜಿನಲ್ಲೇ ಇಕ್ಕಳ ಒತ್ತಿದರು. ಕಪ್ಪು ಉಗುರು, ಒಳಗಿನ ರಕ್ತದ ಭಾಗ ಎಲ್ಲಿಗೆ ಬಂದಿದೆಯೋ ಹೊರಗೆ ಕಾಣದು. ನೆತ್ತರು ಚಿಮ್ಮಿತು. ಡೂಕು ಅವರ ಎಡ ಮಣಿಕಟ್ಟನ್ನು ಮೂಳೆ ಕಾಣುವ ಹಾಗೆ ಕಚ್ಚಿತು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಮದ್ದು. ಅದಕ್ಕಿಂತ ಘೋರವಾದದ್ದು ಕಾಯುವ ಹತ್ತು ದಿನ. ನಾಯಿಗೆ ಹುಚ್ಚಿದ್ದರೆ ಅಷ್ಟರಲ್ಲಿ ತಿಳಿಯುತ್ತದೆ. ಜಯರಾಮಪ್ಪ ದಿನಾ ಸಂಜೆ ಆಂಡರ್ಸನ್‌ಪೇಟೆಗೆ ನಡೆದು ಬಂದು ಬಾಗಿಲಲ್ಲೇ ನಿಂತು, “ಡೂಕು ಅನ್ನ ತಿಂತು ಅಕ್ಕ, ನೀರೂ ಕುಡೀತು,” ಎಂದು ಹೇಳಿ ಹೋಗುತ್ತಿದ್ದ. ಆ ಹತ್ತು ದಿನ ಗಂಗರತ್ನಮ್ಮ ಚೊಂಬಿನ ನೀರು ನೋಡಿದರೂ ನಡುಗಿದರು.

ಅಂದಿನಿಂದ ಡೂಕು ಯಾರಿಗೂ ಪಾದ ಮುಟ್ಟಗೊಡುವುದಿಲ್ಲ. ಮುಂಗಾಲಿನ ಒಳಬದಿಯ ಐದನೇ ಉಗುರು ನೆಲಕ್ಕೆ ತಾಗುವುದೇ ಇಲ್ಲ, ಸವೆಯುವುದೂ ಇಲ್ಲ. ಎಡಗಾಲಿನದು ಬೆಳೆದು ಬಾಗಿ ಮಾಂಸಕ್ಕೆ ನಾಟಿಕೊಂಡಿದೆ. ಕಾಲು ಊದಿದೆ, ನಾಯಿ ಕುಂಟುತ್ತದೆ, ನೋವಿಗೆ ಹತ್ತಿರ ಬಂದವರ ಮೇಲೆಲ್ಲ ಎಗರುತ್ತದೆ. ದನದ ಡಾಕ್ಟರು ಎರಡು ಸಲ ಬಂದು ಅಂಗಳದಿಂದಲೇ ಕೈಮುಗಿದರು. ಎಂಜಿನಿಯರ್ ಸಾಹೇಬರು ಕೊನೆಯ ಮಾತು ಆಡಿದ್ದಾರೆ: ಭಾನುವಾರದೊಳಗೆ ಸರಿಹೋಗದಿದ್ದರೆ, ಅಥವಾ ಇನ್ನೊಬ್ಬರನ್ನು ಕಚ್ಚಿದರೆ, ಬಂದೂಕು. ಇವತ್ತು ಶನಿವಾರ.

“ತಪ್ಪು ಮಾಡ್ದೋಳು ನಾನು. ಗುಂಡು ತಿನ್ನೋದು ಅದಾ?” ಎಂದು ಕೇಳುತ್ತಾರೆ ಗಂಗರತ್ನಮ್ಮ.

ಅದಕ್ಕೇ ಹತ್ತೊಂಬತ್ತು ದಿನದಿಂದ ಬರುತ್ತಿದ್ದಾರೆ. ಹಗ್ಗವನ್ನು ಮನೆಯಲ್ಲೇ ಬಿಟ್ಟಿದ್ದಾರೆ. ಮೊದಲ ನಾಲ್ಕು ದಿನ ಬರೀ ಕೂತು ಹೋದರು. ಆಮೇಲೆ ಭುಜ, ಆಮೇಲೆ ಮೊಣಕಾಲು. ಇವತ್ತು ಕೊನೆಗೂ ಬೆರಳು ಪಾದ ಮುಟ್ಟಿವೆ. ಬಲಗೈ ಇಕ್ಕಳವನ್ನು ಮೆಲ್ಲಗೆ ಉಗುರಿಗೆ ತರುತ್ತದೆ.

ಅಷ್ಟರಲ್ಲಿ ನೆಲ ನಡುಗುತ್ತದೆ. ಪಾತಾಳದ ಗಣಿಯಲ್ಲಿ ಎಲ್ಲೋ ಬಂಡೆ ಸಿಡಿದಿದೆ. ಬಂಗಲೆಯ ಗಾಜುಗಳು ಗಲಗಲ ಅನ್ನುತ್ತವೆ, ಕೆಳಗಿನ ಕೂಲಿಲೈನಿನ ಮನೆಗಳಿಂದ ಗಣಿಗಿಳಿದವರ ಹೆಂಗಸರು ಹೊರಗೋಡಿ ಬರುವುದು ಕೇಳಿಸುತ್ತದೆ. ಡೂಕುವಿನ ಬಾಯಿ ಗಂಗರತ್ನಮ್ಮನ ಎಡ ಮಣಿಕಟ್ಟನ್ನು ಹಿಡಿದುಬಿಟ್ಟಿದೆ. ಹಲ್ಲು ಹಳೆಯ ಗಾಯದ ಗುರುತಿನ ಮೇಲೇ ಕೂತಿವೆ.

ಜಯರಾಮಪ್ಪ ಕೋಲಿಗೆ ಕೈ ಹಾಕುತ್ತಾನೆ.

“ಕೋಲು ಕೆಳಗಿಕ್ಕು ಜಯರಾಮಣ್ಣ,” ಗಂಗರತ್ನಮ್ಮನ ದನಿ ಏರುವುದಿಲ್ಲ. “ನಾನು ಕೈ ಎಳ್ಕೊಂಡ್ರೆ ಚರ್ಮ ಅರೀತದೆ. ಚರ್ಮ ಅರಿದ್ರೆ ಇದು ಸತ್ತಂಗೆ.”

ಕೈ ಅಲ್ಲೇ ಇದೆ. ಹಣೆಯ ಬೆವರು ಕಣ್ಣಿಗಿಳಿಯುತ್ತಿದೆ. ನಾಯಿಯ ಬಿಸಿಯುಸಿರು, ನಡುಗುವ ದವಡೆ. ಅದಕ್ಕೂ ಜೀವಭಯ, ಇವರಿಗೂ ಜೀವಭಯ. “ಇರಪ್ಪ, ಇರು ಮಗ, ಆಯ್ತು, ಆಯ್ತು...” ಎನ್ನುತ್ತಲೇ ಬಲಗೈ ಇಕ್ಕಳ ಒತ್ತುತ್ತದೆ. ಟಕ್. ಮಾಂಸದೊಳಗಿನ ತುದಿಯನ್ನು ಬೆರಳಿನಿಂದ ಹೊರಗೆಳೆಯುತ್ತಾರೆ. ಕೀವು ಬರುತ್ತದೆ, ಹಿಂದೆಯೇ ಕೆಂಪು ರಕ್ತ. ಡೂಕು ಒಮ್ಮೆ ಕುಂಯ್ ಎಂದು ದವಡೆ ಸಡಿಲಿಸಿ, ತನ್ನ ಕಾಲಿನ ಗಾಯ ನೆಕ್ಕತೊಡಗುತ್ತದೆ.

ಗಂಗರತ್ನಮ್ಮ ಮಣಿಕಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಹಲ್ಲಿನ ಅಚ್ಚು ಇದೆ, ರಕ್ತವಿಲ್ಲ. ಗಣಿಯ ಕಡೆಯಿಂದ ಅಪಾಯದ ಸೈರನ್ ಕೂಗಲಿಲ್ಲ. ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ. ಜಯರಾಮಪ್ಪ ಕುಕ್ಕರಿಸಿ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾನೆ. ಗಂಗರತ್ನಮ್ಮ ನಾಯಿಯ ಗಾಯದ ಮೇಲೆ ಚಿಟಿಕೆ ಅರಿಸಿನ ಉದುರಿಸುತ್ತಾರೆ. ಇಕ್ಕಳವನ್ನು ಸೆರಗಿಗೆ ಕಟ್ಟಲು ಮೂರು ಸಲ ಗಂಟು ತಪ್ಪುತ್ತದೆ.

ಇನ್ನಾದರೂ ಹೆದರಿಕೆ ಹೋಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ. “ಎಲ್ಲಿ ಓಗ್ತದೆ ಸ್ವಾಮಿ? ನಾಳಿಕ್ಕೆ ಬಲಗಾಲಿಂದು ಐತಲ್ಲ. ಎದ್ರುಕೊಂಡೇ ಬತ್ತೀನಿ.”

ಹಿತ್ತಲಲ್ಲಿ ಡೂಕು ಕಾಲನ್ನು ನೆಲಕ್ಕೆ ಮೆತ್ತಗೆ ಊರಿ ನೋಡುತ್ತಿದೆ. ಅವರು ಅದನ್ನೇ ನೋಡುತ್ತ ಹೇಳುತ್ತಾರೆ: “ನನ್ ತಪ್ಪು ಒಟ್ಟೆಗಾಕ್ಕೊಳ್ಳಲಿ ಅಂತ ನಾನು ಕೇಳಾಕಿಲ್ಲ. ನನ್ನ ಕಂಡ್ರೆ ದೂರ ಓಡೋಗ್ಲಿ ಬುಡಿ. ನಾಲ್ಕು ಕಾಲೂ ಊರ್ಕೊಂಡು ಓಡೋಗ್ಲಿ, ಅಷ್ಟು ಸಾಕು.”