ಮಲ್ಲಯ್ಯ ಮಾಮನ ಬಡಿಗೆ

ಹಕ್ಕಿ ನೋಡಲು ಬಡಿಗೆ ಹಿಡಿದು ಹೊರಡುತ್ತಿದ್ದವರು ನಮ್ಮ ಮಲ್ಲಯ್ಯ ಮಾಮ ಒಬ್ಬರೇ ಇರಬೇಕು. ನನ್ನ ಅವ್ವನ ತಮ್ಮ, ಆದೋನಿಯಲ್ಲಿ ಬಸ್ ಡ್ರೈವರ್. ಒಂದು ಏಟು ಕೊಟ್ಟವನಿಗೆ ಎರಡು ಕೊಡದೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಬೇವು ಹೂಬಿಟ್ಟಿತೆಂದರೆ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಪೆದ್ದಹರಿವಾಣಂ ಕಡೆಯ ಬೀಳು ಹೊಲಗಳಲ್ಲಿ ಅಲೆಯುವರು. ಮಿಡತೆ ಕಂಡರೆ ಮಂಡಿಯೂರಿ ಕೂರುವರು. ಆಗ ನಾನು ಕೆಮ್ಮಿದರೂ ಗುದ್ದು ಬೀಳುತ್ತಿತ್ತು. ಅಂಥ ಒರಟನೆಂದರೆ ನನಗೆ ಪ್ರಾಣ.

ಒಮ್ಮೆ ಯಾರೋ ಒಬ್ಬ ಜೇನಿಗೆ ಬೆಂಕಿ ಹಿಡಿಯುತ್ತಿದ್ದ. ಮಾಮ ಆ ಉರಿಯುವ ಕಂತೆಯನ್ನೇ ಕಿತ್ತುಕೊಂಡು ಅವನನ್ನು ಹಳ್ಳದವರೆಗೆ ಅಟ್ಟಿಸಿಕೊಂಡು ಹೋದರು. ಹುಳಗಳು ಇಬ್ಬರನ್ನೂ ಬಿಡಲಿಲ್ಲ. ಬಾತ ಮುಖದಲ್ಲೇ ನಕ್ಕು, "ಅವುಕ್ಕೇನು ಗೊತ್ತು ಯವ್ವಾ, ನಾ ಯಾರ ಕಡಿ ಅಂತ? ಮನಿ ಕಾಯಾಕತ್ತಾವ, ಕಚ್ಚಲಿ ಬಿಡು" ಎಂದರು.

ಕೊನೆಯ ಸಲ ಹೋದದ್ದು ಉಗಾದಿಯ ಮರುದಿನ, ಆ ಕಡೆ ಗಂಡಸರು ಬೇಟೆಗೆ ಹೊರಡುವ ದಿನ. ಮಾಮ ಬೇಕೆಂದೇ ಹೊರಟಿದ್ದರು. ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ, ಕಲ್ಲಿನದೇ ಬಣ್ಣ. ತಾಯಿಹಕ್ಕಿ ನಮ್ಮ ತಲೆಯ ಮೇಲೆ ಕಿರುಚುತ್ತ ಸುತ್ತುತ್ತಿತ್ತು. ಅಷ್ಟರಲ್ಲಿ ನೆಲ ಮೂಸುತ್ತ ನಾಯಿಗಳು ಬಂದವು, ಹಿಂದೆ ಬೇಟೆಯವರು. ಮಾಮ ಮೊಟ್ಟೆಗಳ ಎರಡೂ ಬದಿಗೆ ಕಾಲೂರಿ ನಿಂತು ನಾಯಿಗಳತ್ತ ಬಡಿಗೆ ಬೀಸಿದರು.

"ಏಯ್, ಪಕ್ಕಕು ಜರುಗು!" ಎಂದು ತೆಲುಗಿನಲ್ಲಿ ಗದರಿದವನು ಮರುಕ್ಷಣ ಗುರುತು ಹಿಡಿದ. "ಹ್ವಾದ ವರ್ಷ ನಮ್ಮ ಮೊಲದ ಬಲಿ ಹರದಾವ ಇವನ ಅದಾನ, ನೋಡ್ರಲೇ!"

ಬಡಿಗೆ ಕಸಿದುಕೊಂಡು ಅದರಿಂದಲೇ ಹೊಡೆದರು. ಭುಜಕ್ಕೆ, ಬೆನ್ನಿಗೆ, ತಲೆಗೆ. ರಕ್ತ ಕಿವಿಯ ಮೇಲಿಂದ ಅಂಗಿಗೆ ಇಳಿಯಿತು. ನಾನು ಅಳುತ್ತ ಅವರ ತೋಳು ಹಿಡಿದು ಎಳೆದೆ.

"ಕಾಲೆತ್ತಿದರ ತತ್ತಿ ತುಳದಬಿಡ್ತೀನಿ ಯವ್ವಾ, ಬಿಡು."

ಎರಡು ಕೊಡುವ ಮನುಷ್ಯ ಅವತ್ತು ಒಂದನ್ನೂ ಕೊಡಲಿಲ್ಲ. ನನ್ನ ಕೂಗಿಗೆ ಕುರಿ ಕಾಯುವವರು ಓಡಿ ಬಂದಾಗ, ಹೊಡೆಯುತ್ತಿದ್ದವರು ಬಡಿಗೆ ಎಸೆದು ಚದುರಿದರು. ಆಮೇಲೆಯೇ ಮಾಮ ಕುಸಿದದ್ದು, ಅದೂ ಮೊಟ್ಟೆಗಳಿಂದ ಎರಡು ಹೆಜ್ಜೆ ಆಚೆ ಸರಿದು.

ಆಸ್ಪತ್ರೆ ಸೇರಿದ ಮೇಲೆ ದಿನವೂ ನನ್ನನ್ನು ಮೊಟ್ಟೆ ನೋಡಿ ಬರಲು ಅಟ್ಟುತ್ತಿದ್ದರು. ಒಂದು ಸಂಜೆ ಏದುಸಿರು ಬಿಡುತ್ತ ಬಂದು ಹೇಳಿದೆ, "ಮಾಮಾ, ಮರಿ ಆದ್ವು! ಅವ್ವನ ಹಿಂದ ಓಡಾಕತ್ತಾವ."

ಕಟ್ಟು ಬಿಗಿದ ತಲೆಯನ್ನು ದಿಂಬಿನಿಂದ ಎತ್ತಿದರು. "ನಾಕೂ?"

"ನಾಕೂ."

"ಹಂಗಾದ್ರ ನಾಳಿ ನನ್ನ ಬಡಿಗಿ ತಾ. ಒಬ್ಬೊಬ್ಬನ್ನ ನೋಡ್ಕೋತೀನಿ."

ಬೆಳಿಗ್ಗೆ ಬಡಿಗೆ ಹಿಡಿದು ಹೋದೆ. ಮಾಮ ನಸುಕಿನಲ್ಲೇ ತೀರಿಹೋಗಿದ್ದರು. ಆ ಹಾಸಿಗೆಗೆ ಆಯಾ ಬೇರೆ ಚಾದರ ಹಾಸುತ್ತಿದ್ದಳು.