ಅತ್ತೆಯ ಹೆಸರು ಬರೆದ ಜ್ವರದ ತಾಯಿತ

ನಂಬಬೇಡಿ. ಧೈರ್ಯ ಉಂಟಾದ್ರೆ ಒಂದಕ್ಷರವೂ ನಂಬದೆ ಕೊನೆವರೆಗೆ ಓದಿ, ನೋಡುವ. ಅಮೆರಿಕದ ರೆಂಟನ್ನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಿಮಾನದ ತಗಡಿಗೆ ರಿವೆಟ್ ಹೊಡೆದವ ನಾನು. ನಾನು ಹೊಡೆದ ರಿವೆಟ್ ಸಡಿಲ ಆದದ್ದುಂಟಾ ಅಂತ ಯಾರನ್ನು ಬೇಕಾದ್ರೂ ಕೇಳಿ.

ನಮ್ಮದು ಮಂಗಳೂರು ಕಡೆಯ ಕ್ರೈಸ್ತರ ಮನೆ. ನಾನು, ಹೆಂಡತಿ ಊರಿಗೆ ಹೋಗಿ ಒಂದು ತಿಂಗಳು ಇದ್ದು ಬಂದ್ವು. ಬಂದು ಎರಡು ವಾರಕ್ಕೆ ಅವಳಿಗೆ ಜ್ವರ. ಸೋಮವಾರ ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಮಂಗಳವಾರ ಎದ್ದು ಸಾಲ್ಮನ್ ಮೀನಿಗೆ ಹುಳಿಖಾರದ ಪುಳಿಮುಂಚಿ ಸಾರು ಮಾಡಿ, ಉಪ್ಪು ಕಮ್ಮಿ ಅಂದದ್ದಕ್ಕೆ ನನಗೆ ಬೈದ್ಲು. ಬುಧವಾರ ಪುನಃ ಕಂಬಳಿ. ಕ್ಲಿನಿಕ್ಕಿನಲ್ಲಿ ಮೂಗಿಗೆ ಕಡ್ಡಿ ಹಾಕಿ ನೋಡಿದ್ರು. ಫ್ಲೂ ಅಲ್ಲ, ಕೋವಿಡ್ ಅಲ್ಲ, ಯಾವುದೋ ವೈರಸ್, ನೀರು ಕುಡೀರಿ, ಮಲಗಿ. ನಾವೂ ತಲೆ ಆಡಿಸಿ ಬಂದ್ವು. ಊರಿಗೆ ಹೋಗಿ ಬಂದದ್ದನ್ನು ಅವರು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ.

ಜ್ವರದ ಎರಡನೇ ವಾರಕ್ಕೆ ಅವಳು ಬೈಯುದನ್ನೂ ಬಿಟ್ಲು. ಮದುವೆಯಾದ ಮೇಲೆ ಇದು ಮೊದಲನೇ ಸಲ. ಆಗ ನನಗೆ ಹೆದರಿಕೆ ಹುಟ್ಟಿತು. ಹೆದರಿಕೆ ಆದಾಗ ನನಗೆ ಬರುದು ಒಂದೇ, ಕೀಟಲೆ. ಇವಳನ್ನು ಹೇಗಾದ್ರೂ ನಗಿಸಬೇಕು ಅಂತ ಹೊರಟೆ.

ಅದಕ್ಕೆ ಸ್ವಲ್ಪ ಮೊದಲು ಲೈಬ್ರರಿಯಲ್ಲಿ ಒಂದು ಉಪನ್ಯಾಸ ಇತ್ತು. ಕಾಫಿ ಫ್ರೀ ಅಂತ ಹೋಗಿದ್ದೆ. ಒಬ್ಬ ಹೆಂಗಸು ಪರದೆಯ ಮೇಲೆ ಚಿಂದಿ ಚಿಂದಿ ಚೀಟಿಗಳನ್ನು ತೋರಿಸಿದ್ರು. ಪಪೈರಸ್ ಅಂದ್ರೆ ಜೊಂಡಿನಿಂದ ಮಾಡಿದ ಹಾಳೆ. ಅದರಲ್ಲಿ ಹಳೇ ಕಾಲದ ಈಜಿಪ್ಟಿನ ಕ್ರೈಸ್ತರು ಪ್ರಾರ್ಥನೆ ಬರೆದು, ಬೆರಳಷ್ಟು ಸಣ್ಣದಾಗಿ ಮಡಚಿ, ದಾರ ಸುತ್ತಿ ಕೊರಳಿಗೆ ಕಟ್ಟಿಕೊಳ್ತಿದ್ರಂತೆ. ಬರೀ "ಜ್ವರ ಬಿಡಿಸು" ಅಂತ ಅಲ್ಲ ಮಾರಾಯ್ರೆ, ಯಾವ ಯಾವ ಜ್ವರ ಅಂತ ಪಟ್ಟಿಯೇ ಇರ್ತದೆ. ರೋಗಿಯ ಹೆಸರಿನ ಜೊತೆ ಹೆತ್ತ ತಾಯಿಯ ಹೆಸರು. ಇಂಥದ್ದು ಕಟ್ಟಬಾರದು ಅಂತ ಆ ಕಾಲದ ಚರ್ಚಿನ ಹಿರಿಯರು ಬೈದ್ರಂತೆ. ಜನ ಕೇಳ್ಲಿಲ್ಲ. ಯಾಕೆ ಕೇಳಬೇಕು? ಜ್ವರ ಬಂದದ್ದು ಹಿರಿಯರಿಗಾ?

ಮುಟ್ಟಿ ನೋಡ್ಲಿಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹೊಸ ಪಪೈರಸ್ ತುಂಡು ಕೊಟ್ರು. ನನ್ನ ಕಿಸೆಗೆ ಮೂರು ಬಂತು. ಹೇಗೆ ಬಂತು ಅಂತ ಕೇಳಬೇಡಿ.

ಅದರಲ್ಲೊಂದು ತುಂಡು ತೆಗೆದು ಕನ್ನಡದಲ್ಲೇ ಬರೆದೆ. ಯೇಸುಸ್ವಾಮಿ ತನ್ನ ಶಿಷ್ಯನ ಅತ್ತೆಯ ಜ್ವರ ಬಿಡಿಸಿದ್ದನ್ನು ಮೊದಲು ಹಾಕಿದೆ. ಅತ್ತೆಗೆ ಗುಣ ಆಗ್ಲಿ ಅಂತ ಬಯಸಿದ ಅಳಿಯ ಆ ಶಿಷ್ಯನೊಬ್ಬನೇ ಇರಬೇಕು. ಆಮೇಲೆ ಹೆಂಡತಿಯ ಹೆಸರು, ನನ್ನ ಅತ್ತೆಯ ಹೆಸರು, ಜ್ವರದ ಪಟ್ಟಿ. ಮಡಚಿದೆ. ನೂಲು ಸಿಗ್ಲಿಲ್ಲ, ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ಸುತ್ತಿ ಕೊರಳಿಗೆ ಕಟ್ಟಿದೆ.

"ನಮ್ಮಮ್ಮನ ಹೆಸರು ಬರ್ದಿದ್ದೀರಾ?" ಅಂದ್ಲು. "ಹಾಗಾದ್ರೆ ಜ್ವರ ಹೆದರಿ ಓಡ್ತದೆ ಬಿಡಿ." ನಕ್ಕಳು. ಕಂಬಳಿ ಒಳಗಿಂದ, ಸಣ್ಣಕ್ಕೆ.

ಮಾರನೇ ದಿನ ಮಧ್ಯಾಹ್ನ ನಮ್ಮ ಪ್ರಾರ್ಥನಾ ಕೂಟದ ಹಿರಿಯರು ಬಂದ್ರು. ಹೆಸರಿಗೆ ಹಿರಿಯರು, ನನ್ನ ಮಗನ ಪ್ರಾಯ. ಬೆಂಗಳೂರಿನವರು, ಇಲ್ಲೇ ಹತ್ತಿರದ ರೆಡ್ಮಂಡ್ ಊರಿನಲ್ಲಿ ಸಾಫ್ಟ್‌ವೇರ್. ಪ್ರಾರ್ಥನೆ ಮಾಡ್ಲಿಕ್ಕೆ ಕಣ್ಣು ಮುಚ್ಚುವ ಮೊದಲೇ ತಾಯಿತ ಕಣ್ಣಿಗೆ ಬಿತ್ತು.

"ಅಂಕಲ್, ಏನಿದು? ತೆಗೀರಿ ಮೊದ್ಲು. ನಂಬಿಕೆ ಇರೋ ಮನೇಲಿ ಇದೆಲ್ಲ ಇರಬಾರದು."

"ತೆಗೆಯುದಿಲ್ಲ."

"ಒಳಗೆ ಏನು ಮಂತ್ರ ಬರ್ದಿದ್ದೀರ?"

"ಮಂತ್ರವಾ? ಕೂತ್ಕೊಳ್ಳಿ, ಓದ್ತೇನೆ. ತಪ್ಪು ಉಂಟಾದ್ರೆ ಹೇಳಿ." ಬರೆದದ್ದು ನಾನೇ ಅಲ್ವಾ, ಬಿಚ್ಚದೆಯೇ ಗಟ್ಟಿಯಾಗಿ ಒಪ್ಪಿಸಿದೆ. "ದಿನಾ ಬರುವ ಜ್ವರ, ದಿನ ಬಿಟ್ಟು ದಿನ ಬರುವ ಜ್ವರ, ಎರಡು ದಿನ ಬಿಟ್ಟು ಬರುವ ಜ್ವರ, ನಡುಕದ ಜ್ವರ..."

"ಅದೇ," ಅಂತ ಸೋಫಾದಿಂದ ಹೆಂಡತಿಯ ಸ್ವರ. "ಎರಡನೇದು. ಅದೇ ನನ್ನದು."

ನಾನು ಬೆರಳು ಮಡಚಿ ಎಣಿಸಿದೆ. ಸೋಮ, ಬುಧ, ಶುಕ್ರ. ನನ್ನ ಕೈಯಾರೆ ಬರೆದದ್ದು ನನಗೇ ಹೊಳೀಲಿಲ್ಲ! ಊರಿನಲ್ಲಾದ್ರೆ ಅಂಗಡಿಯವನೂ ಹೇಳ್ತಿದ್ದ, ನಡುಕ ಬಂದ್ರೆ ಮೊದಲು ಮಲೇರಿಯಾ ನೋಡಿ ಅಂತ. ಮಂಗಳೂರಲ್ಲಿ ಹುಟ್ಟಿ ಬೆಳೆದ ಎರಡು ಮುದಿ ತಲೆಗಳು ವೈರಸ್ ವೈರಸ್ ಅಂತ ಕೂತಿದ್ವು.

ನಮ್ಮ ಜೊತೆ ಇರುವ ಮಗಳು ಕಾರು ತೆಗೊಂಡು ಕೆಲಸಕ್ಕೆ ಹೋಗಿದ್ಲು. ನಾನು ಹಿರಿಯರ ಮುಖ ನೋಡಿದೆ. ಅವರು ಎದ್ದು ಕಾರ್ ಕೀ ತೆಗೆದ್ರು.

ಆಸ್ಪತ್ರೆಯ ಕೌಂಟರಿನಲ್ಲಿ ಪುನಃ ಅದೇ ರಾಗ, ವೈರಸ್ ಇರ್ಬಹುದು, ರೆಸ್ಟ್ ಮಾಡಿ. ನಾನು ಹೇಳಿದೆ, "ರಕ್ತ ತೆಗೆದು ಮಲೇರಿಯಾ ನೋಡುವವರೆಗೆ ಈ ಕುರ್ಚಿಯಿಂದ ಏಳುದಿಲ್ಲ. ಪೊಲೀಸರನ್ನು ಕರೀರಿ. ಅವರಿಗೂ ಒಂದು ಕುರ್ಚಿ ಹಾಕಿ." ನನ್ನ ಇಂಗ್ಲಿಷ್ ಕಾರ್ಖಾನೆಯದ್ದು. ಹಿರಿಯರು ಪಕ್ಕದಲ್ಲಿ ನಿಂತು ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ ಅದನ್ನೇ ಮರ್ಯಾದೆಯಿಂದ ಹೇಳಿದ್ರು. ಒಳಗೆ ನರ್ಸ್ ಫ್ಲಾಸ್ ಕತ್ತರಿಸ್ಲಿಕ್ಕೆ ಕತ್ತರಿ ತಂದಾಗ ಹೆಂಡತಿ ತಾಯಿತವನ್ನು ಮುಷ್ಟಿಯಲ್ಲಿ ಹಿಡಿದ್ಲು. "ಇದು ಹೋದ್ರೆ ಕೈ ಕೊಡುದಿಲ್ಲ, ರಕ್ತವೂ ಇಲ್ಲ." ನರ್ಸ್ ಕತ್ತರಿ ಒಳಗಿಟ್ಲು.

ಮಲೇರಿಯಾವೇ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು ಅಂದ್ರು ಡಾಕ್ಟರು. ಇಲ್ಲಿ ಅದು ಅಪರೂಪ ನೋಡಿ, ಡಾಕ್ಟರಿಕೆ ಕಲಿಯುವ ಮಕ್ಕಳೆಲ್ಲ ನನ್ನ ಹೆಂಡತಿಯ ರಕ್ತ ನೋಡ್ಲಿಕ್ಕೆ ಸಾಲು ನಿಂತ್ರು.

ಗುಣ ಆದ ಮೇಲೆ ಕೂಟಕ್ಕೆ ಹೋದ್ವು. ಹೆಂಡತಿಯ ತಾಯಿತ ಸ್ವೆಟರಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಹಿರಿಯರ ಎದುರಿನ ಕುರ್ಚಿಯಲ್ಲೇ ಕೂತ್ಲು.

"ಅಂಕಲ್, ವಾಸಿ ಮಾಡಿದ್ದು ಮಾತ್ರೆ," ಅಂದ್ರು ಹಿರಿಯರು.

"ಹೌದು ಮಾರಾಯ್ರೆ, ಮಾತ್ರೆಯೇ. ಯಾವ ಜ್ವರ ಅಂತ ಹೇಳಿಕೊಟ್ಟದ್ದು ಯಾರು? ನಿಮ್ಮ ಪ್ರಾರ್ಥನೆಯಾ, ಕ್ಲಿನಿಕ್ಕಾ?"

ಹೊರಡುವಾಗ ಅವರು ಕಾರಿನವರೆಗೆ ಬಂದು, ಯಾರೂ ಇಲ್ಲ ಅಂತ ಆಚೀಚೆ ನೋಡಿ, "ಬೆನ್ನು ನೋವಿಗೂ ಆ ಥರದ್ದು ಬರೀತೀರಾ ಅಂಕಲ್?" ಅಂತ ಕೇಳಿದ್ರು.

ಈ ಕೊನೆಯ ಮಾತು ಮಾತ್ರ ನಾನು ಕಟ್ಟಿ ಹೇಳಿದ್ದು. ಬೆನ್ನಿನ ಸುದ್ದಿ ಅವರು ಎತ್ತಲೇ ಇಲ್ಲ. ಕಾರಿನವರೆಗೆ ಬಂದದ್ದು ನಿಜ. ಕೇಳಿದ್ದು, "ಆಂಟಿ ಈಗ ಸರಿಯಾಗಿ ಊಟ ಮಾಡ್ತಿದ್ದಾರಾ?" ಅಂತ.